ಕೂಲಿಯ ಒಪ್ಪಂದವೂ ಲೋಕಾಭಿಪ್ರಾಯವೂ

ದುಡಿಯುವವರ ಸಂಘವೂ ದುಡಿಸಿಕೊಳ್ಳುವ ಮಾಲೀಕರೂ ಎದುರುಬದುರಾಗಿ ಕುಳಿತು ಕೂಲಿಯ ದರ, ಕೆಲಸದ ವೇಳೆ, ರಜೆ, ತುಟ್ಟಿಭತ್ಯೆ ಮೊದಲಾದವನ್ನು ಮಾತುಕತೆಯ ಮೂಲಕ ಗೊತ್ತುಪಡಿಸಿಕೊಳ್ಳುವ ಕ್ರಮಕ್ಕೆ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಸಾಮೂಹಿಕ ಚೌಕಾಸಿ ಎಂದು ಹೆಸರು. ಹೆಸರನ್ನು ಕೇಳಿದೊಡನೆ ಅದು ಕೇವಲ ಇಬ್ಬರ ನಡುವಿನ ವ್ಯವಹಾರವೆಂಬ ಭಾವನೆ ಮೂಡುತ್ತದೆ. ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಬೆಲೆಯನ್ನು ಕುರಿತು ಜಗ್ಗಾಡುವಾಗ ಪಕ್ಕದಲ್ಲಿ ನಿಂತು ನೋಡುವವನ ಮಾತನ್ನು ಯಾರೂ ಕೇಳುವುದಿಲ್ಲವಷ್ಟೆ. ಹಾಗಾದರೆ ಕೂಲಿಯ ಒಪ್ಪಂದದಲ್ಲಿ ಹೊರಗಿನ ಜನರು ಏನೆಂದುಕೊಳ್ಳುತ್ತಾರೆಂಬುದು ಗಣನೆಗೆ ಬರುವ ಸಂಗತಿಯೆ? ಬರುವುದಾದರೆ ಯಾವ ದಾರಿಯಿಂದ, ಎಷ್ಟರಮಟ್ಟಿಗೆ ಬರುತ್ತದೆ? ಈ ಪ್ರಶ್ನೆ ವಿಚಾರಾರ್ಹವಾದುದು.

ಇಂತಹ ಪ್ರಶ್ನೆಗಳನ್ನು ದೂರದ ದೇಶಗಳ ಗಣಿ, ಬಂದರು, ಉಕ್ಕಿನ ಕಾರ್ಖಾನೆಗಳ ಉದಾಹರಣೆಗಳಿಂದ ವಿವೇಚಿಸುವುದು ರೂಢಿ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವಿದ್ಯಾರ್ಥಿಯು ಅಷ್ಟು ದೂರ ಹೋಗಬೇಕಾದುದಿಲ್ಲ. ಅವನು ಶಾಲೆಗೆ ಏರಿಬರುವ ಬಸ್ಸು ಒಂದು. ಮನೆಯ ಜಗಲಿಯಲ್ಲಿ ತಾಯಿಯೋ ಅಕ್ಕನೋ ಮಡಿಲಲ್ಲಿ ಗೆರಸೆಯಿಟ್ಟುಕೊಂಡು ಕಟ್ಟುವ ಬೀಡಿ ಇನ್ನೊಂದು. ಈ ಎರಡು ದುಡಿಮೆಗಳ ಕೂಲಿ ಹೇಗೆ ನಿಶ್ಚಯವಾಗುತ್ತ ಬಂದಿದೆಯೆಂಬುದನ್ನು ಅರಿತರೆ ವಿಷಯದ ಬಹುಭಾಗವನ್ನು ಅರಿತಂತೆಯೇ.

ಮೊದಲು ಬಸ್ಸಿನ ವಿಷಯ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ ಹಾಗೂ ಅದರ ಸೋದರ ನಿಗಮಗಳ ನೌಕರರ ವೇತನವನ್ನು ನಾಲ್ಕು ವರ್ಷಗಳಿಗೊಮ್ಮೆ ಪರಿಷ್ಕರಿಸುವ ಪದ್ಧತಿ ಬೆಳೆದುಬಂದಿದೆ. 2016ರಲ್ಲಿ ನೌಕರರ ಸಂಘಗಳು ಶೇಕಡ 35ರಷ್ಟು ಹೆಚ್ಚಳವನ್ನು ಕೇಳಿ ಜುಲೈ 25ರಿಂದ ಮುಷ್ಕರ ಹೂಡಿದವು. ಮೂರು ದಿನಗಳಲ್ಲಿ ಶೇಕಡ 12.5ಕ್ಕೆ ಒಪ್ಪಂದವಾಯಿತು. 2020ರ ಡಿಸೆಂಬರಿನಲ್ಲಿ ಮತ್ತೊಂದು ಮುಷ್ಕರ ನಡೆದು, ಕೆಲವು ಬೇಡಿಕೆಗಳಿಗೆ ಸರ್ಕಾರದಿಂದ ಲಿಖಿತ ಭರವಸೆ ದೊರೆತು, ನಾಲ್ಕನೆಯ ದಿನ ಮುಗಿಯಿತು. ಸರ್ಕಾರಿ ನೌಕರರಂತೆ ತಮಗೂ ಆರನೆಯ ವೇತನ ಆಯೋಗದ ಶ್ರೇಣಿಗಳು ಬೇಕೆಂಬ ಮುಖ್ಯ ಬೇಡಿಕೆ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಮುಂದಿಟ್ಟು 2021ರ ಏಪ್ರಿಲ್ 7ರಂದು ಆರಂಭವಾದ ಮುಷ್ಕರವು ಯುಗಾದಿಯನ್ನು ದಾಟಿ ಏಪ್ರಿಲ್ 21ರವರೆಗೆ ಎಳೆಯಿತು.

ಆ ಎರಡು ವಾರಗಳ ವೃತ್ತಾಂತವನ್ನು ತುಸು ವಿವರವಾಗಿ ನೋಡುವುದು ಒಳಿತು. ಸರ್ಕಾರವು ಮಧ್ಯಂತರವಾಗಿ ಶೇಕಡ 8ರ ಹೆಚ್ಚಳವನ್ನು ಮಾತ್ರ ಮುಂದಿಟ್ಟು, ಖಾಸಗಿ ಬಸ್ಸುಗಳನ್ನು ನಿಲ್ದಾಣಗಳೊಳಗೆ ಬರಮಾಡಿಕೊಂಡಿತು. ಹಲವರು ನೌಕರರು ವಜಾ, ಅಮಾನತು, ವರ್ಗಾವಣೆಗಳಿಗೆ ಗುರಿಯಾದರು. ಅದೇ ವೇಳೆಗೆ ಕೋವಿಡ್ ಸೋಂಕಿನ ಎರಡನೆಯ ಅಲೆ ಏರುತ್ತಲಿತ್ತು. ಬಸ್ಸಿಲ್ಲದೆ ಆಸ್ಪತ್ರೆಗೆ ಹೋಗಲಾಗದವರ, ಪರೀಕ್ಷೆಗೆ ತಲುಪಲಾಗದವರ ಕಷ್ಟವನ್ನು ಪತ್ರಿಕೆಗಳು ದಿನವೂ ಬರೆದವು. ಕಡೆಗೆ ವಿಷಯ ಉಚ್ಚ ನ್ಯಾಯಾಲಯದ ಮುಂದೆ ಬಂದು, ಜನರ ಸಂಕಟದ ಈ ಹೊತ್ತು ಮುಷ್ಕರಕ್ಕೆ ತಕ್ಕುದಲ್ಲವೆಂಬ ನಿಲುವನ್ನು ನ್ಯಾಯಾಲಯವು ತಳೆಯಿತು. ನೌಕರರು ಕೆಲಸಕ್ಕೆ ಮರಳಿದರು. ಬೇಡಿಕೆಯ ನ್ಯಾಯಾನ್ಯಾಯ ಅಲ್ಲಿ ಇತ್ಯರ್ಥವಾಗಲಿಲ್ಲ. ಬಸ್ಸಿನ ಚಾಲಕನಿಗೆ ಸಂಬಳ ಕಡಿಮೆಯೆಂಬುದನ್ನು ಒಪ್ಪುವ ಪ್ರಯಾಣಿಕನೂ ಹದಿನೈದನೆಯ ದಿನ ಅವನ ಮೇಲೆ ಮುನಿದಿದ್ದನು. ಆ ಮುನಿಸನ್ನು ಸರ್ಕಾರ ಕಾಯುತ್ತಲಿತ್ತೆಂದರೆ ತಪ್ಪಾಗಲಾರದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದು ಗಮನಾರ್ಹ. 2023ರ ಮಾರ್ಚಿನಲ್ಲಿ ಸಂಘಗಳು ಮುಷ್ಕರದ ಸೂಚನೆಯನ್ನಷ್ಟೇ ನೀಡಿದವು. ಬಸ್ಸುಗಳು ನಿಲ್ಲುವ ಮೊದಲೇ ಶೇಕಡ 15ರ ಹೆಚ್ಚಳ ಪ್ರಕಟವಾಯಿತು. ಎರಡು ವರ್ಷಗಳ ಹಿಂದೆ ಹದಿನೈದು ದಿನ ಬೀದಿಯಲ್ಲಿ ನಿಂತರೂ ಎಂಟನ್ನು ಮೀರದಿದ್ದ ಅಂಕಿಯು ಈಗ ಸೂಚನಾಪತ್ರವೊಂದಕ್ಕೇ ಹದಿನೈದಾಯಿತು. ನಡುವೆ ಬದಲಾದುದು ಏನು? ನಿಗಮಗಳ ಬೊಕ್ಕಸವಂತೂ ತುಂಬಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆಯಿತ್ತು. ಲೋಕಾಭಿಪ್ರಾಯವು ಒಪ್ಪಂದದ ಮೇಜಿಗೆ ನಡೆದುಬರುವ ದಾರಿ ಯಾವುದೆಂಬುದು ಇಲ್ಲಿ ತೋರಿಬರುತ್ತದೆ. ಅದು ನೇರವಾಗಿ ಬರುವುದಿಲ್ಲ. ಸಹಿ ಹಾಕಬೇಕಾದವನು ಜನರಿಗೆ ಉತ್ತರ ಹೇಳಬೇಕಾದವನಾಗಿದ್ದರೆ, ಅವನ ಭಯವನ್ನೋ ಆಸೆಯನ್ನೋ ಹಿಡಿದುಕೊಂಡು ಬರುತ್ತದೆ.

ಆ ಹೆಚ್ಚಳವು 2023ರ ಮಾರ್ಚ್ 1ರಿಂದ ಜಾರಿಗೆ ಬಂದಿತಾದರೂ, ಪರಿಷ್ಕರಣೆಯಾಗಬೇಕಾದುದು 2020ರ ಜನವರಿಯಿಂದ. ನಡುವಣ 38 ತಿಂಗಳುಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ಪುನಃ ಮುಷ್ಕರ ಹೂಡಲಾಯಿತು. ಮತ್ತೆ ಉಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಿತು. ಅಂದೇ ಮುಷ್ಕರ ನಿಂತಿತು. 2023ರ ಜೂನಿನಿಂದ ಸ್ತ್ರೀಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂದ ಮೇಲೆ, ಬಸ್ಸು ನಿಂತರೆ ನೋಯುವವರ ಸಂಖ್ಯೆಯೂ ಹೆಚ್ಚಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಊರಿನಿಂದ ಊರಿಗೆ ಈ ನೋವಿನಲ್ಲಿ ವ್ಯತ್ಯಾಸವುಂಟು. ಮಂಗಳೂರಿನಿಂದ ಬಿ.ಸಿ. ರೋಡು, ಬೆಳ್ತಂಗಡಿಗಳ ಮೇಲಾಗಿ ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲಿ ನಿಗಮದ ಬಸ್ಸುಗಳೇ ಆಧಾರ. ಅವು ನಿಂತ ದಿನ ಯಾತ್ರಿಕರೂ ವಿದ್ಯಾರ್ಥಿಗಳೂ ಹಾದಿಯಲ್ಲಿ ಉಳಿಯುತ್ತಾರೆ. ಮಂಗಳೂರು–ಮೂಡುಬಿದಿರೆ–ಕಾರ್ಕಳ ದಾರಿಯಲ್ಲಾದರೋ ಬಹುಕಾಲದಿಂದ ಓಡುತ್ತಿರುವುದು ಬಹುಮಟ್ಟಿಗೆ ಖಾಸಗಿ ಬಸ್ಸುಗಳು. ಬೆಳ್ತಂಗಡಿಯಲ್ಲಿ ಜನ ಮುಷ್ಕರವನ್ನು ಕುರಿತು ಕಾವೇರಿ ಮಾತನಾಡುವಾಗ ಮೂಡುಬಿದಿರೆಯಲ್ಲಿ ಅದು ಪತ್ರಿಕೆಯ ಸುದ್ದಿ ಮಾತ್ರ. ಒಂದೇ ಜಿಲ್ಲೆಯ, ನೆರೆಹೊರೆಯ ಎರಡು ಊರುಗಳಲ್ಲಿಯೇ ಲೋಕಾಭಿಪ್ರಾಯ ಒಂದಾಗಿರುವುದಿಲ್ಲ. ಆದುದರಿಂದ ‘ಜನ ಏನೆನ್ನುತ್ತಾರೆ’ ಎಂಬ ಪ್ರಶ್ನೆಗೆ ಮೊದಲು ‘ಯಾವ ಜನ’ ಎಂಬ ಮರುಪ್ರಶ್ನೆಯನ್ನು ಹಾಕಿಕೊಳ್ಳಬೇಕಾಗುತ್ತದೆ.

ಹಿಂದಿನ ಎರಡು ದೊಡ್ಡ ಮುಷ್ಕರಗಳನ್ನು ಇದರೊಡನೆ ಹೋಲಿಸಿ ನೋಡಬಹುದು. 1974ರ ಮೇ 8ರಂದು ಆರಂಭವಾದ ರೈಲ್ವೆ ಮುಷ್ಕರದ ನಾಯಕರು ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸರು. ಸುಮಾರು 17 ಲಕ್ಷ ನೌಕರರಿಗೆ ಸಂಬಂಧಿಸಿದ ಆ ಮುಷ್ಕರವನ್ನು ಸರ್ಕಾರ ಬಂಧನಗಳಿಂದ ಹತ್ತಿಕ್ಕಿತು. ಮೇ 27ರಂದು ಅದನ್ನು ಹಿಂದೆಗೆದುಕೊಳ್ಳಲಾಯಿತು. ಅಂದು ಕೇಳಿದ್ದ ಬೋನಸ್ಸು ಕೈಗೆ ಬಂದುದು 1979ರಲ್ಲಿ, ಸರ್ಕಾರ ಬದಲಾದ ಬಳಿಕ. ಇನ್ನೊಂದು, ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಮುಷ್ಕರ. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಬಿ.ಎಚ್.ಇ.ಎಲ್. ಸಂಸ್ಥೆಯ ವೇತನಕ್ಕೆ ಸಮನಾದ ವೇತನವನ್ನು ಕೇಳಿ 1980ರ ಡಿಸೆಂಬರ್ 26ರಿಂದ 77 ದಿನ ಹೊರಗುಳಿದರು. ಸಮಾನತೆ ದೊರೆಯಲಿಲ್ಲ. ಈ ಕಾರ್ಖಾನೆಗಳಿಗೆ ನೌಕರಿಗೆ ಸೇರುವುದೇ ಅಂದು ಭಾಗ್ಯವೆನಿಸಿತ್ತು. ಆದುದರಿಂದ ಅವರಿಗಿಂತ ಕಡಿಮೆ ಗಳಿಸುವ ನೆರೆಯವನಲ್ಲಿ ಮರುಕ ಹುಟ್ಟುವುದು ಸುಲಭವಿರಲಿಲ್ಲ. ಅಲ್ಲದೆ ದೂರವಾಣಿ ಯಂತ್ರವೋ ವಿಮಾನದ ಭಾಗವೋ ಎರಡು ತಿಂಗಳು ತಡವಾದರೆ ಮಲ್ಲೇಶ್ವರದ ಗೃಹಸ್ಥನ ಒಲೆಯೇನೂ ಆರುವುದಿಲ್ಲ. ಸರ್ಕಾರ ಕಾಯಬಲ್ಲುದಾಗಿತ್ತು, ಕಾಯಿತು.

ಇವುಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಲೋಕಾಭಿಪ್ರಾಯವು ಇಷ್ಟೇ ರೂಪಾಯಿ ಕೊಡಬೇಕೆಂದು ಹೇಳುವುದು ತೀರ ವಿರಳ. ಲೆಕ್ಕಪತ್ರಗಳನ್ನು ನೋಡದ ಜನಕ್ಕೆ ಅದು ಸಾಧ್ಯವೂ ಇಲ್ಲ. ಯಾವ ಪಕ್ಷವು ಎಷ್ಟು ದಿನ ತಾಳಬಲ್ಲುದೆಂಬುದನ್ನು ಮಾತ್ರ ಅದು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಾನೂನು ಕೂಡ ಇದನ್ನು ಅರಿತೇ ನಡೆದಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ನೀರು, ವಿದ್ಯುತ್ತು, ಸಾರಿಗೆ ಮೊದಲಾದ ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ಮುಂಗಡ ಸೂಚನೆಯಿಲ್ಲದೆ ಮುಷ್ಕರ ಹೂಡುವುದನ್ನು ನಿಷೇಧಿಸಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಹದಿನಾಲ್ಕು ದಿನಗಳ ಸೂಚನೆಯನ್ನು ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಿದೆ. ಜನರಿಗೆ ತೊಂದರೆಯಾಗದ ಉದ್ಯಮಕ್ಕೂ ಅದೇ ನಿರ್ಬಂಧವೇಕೆಂದು ಕಾರ್ಮಿಕ ಸಂಘಗಳು ಕೇಳುವುದು ಸಹಜವೇ ಆಗಿದೆ.

ಇನ್ನು ಬೀಡಿಯ ವಿಷಯ. ಬಸ್ಸಿಗೆ ಸಲ್ಲುವ ಮಾತುಗಳೊಂದೂ ಇಲ್ಲಿ ಸಲ್ಲುವುದಿಲ್ಲವೆಂಬುದೇ ಇದರ ವೈಶಿಷ್ಟ್ಯ.

ತೆಂಡು ಎಲೆ ಮಧ್ಯಪ್ರದೇಶ, ಒಡಿಶಾಗಳ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪು ನಿಪ್ಪಾಣಿಯಿಂದಲೂ ಗುಜರಾತಿನಿಂದಲೂ ಬರುತ್ತದೆ. ಮಂಗಳೂರಿನ ಕಂಪೆನಿಗಳು ಇವನ್ನು ಗುತ್ತಿಗೆದಾರರಿಗೆ ಕೊಡುತ್ತವೆ. ಗುತ್ತಿಗೆದಾರನು ಊರೂರಿನ ಬೀಡಿ ಬ್ರಾಂಚಿನಲ್ಲಿ ಅವನ್ನು ತೂಗಿ ಕೊಡುತ್ತಾನೆ. ಬಂಟ್ವಾಳದಲ್ಲಿ, ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯ ಸುತ್ತಲ ಗ್ರಾಮಗಳಲ್ಲಿ ಹೆಂಗಸರು ಎಲೆಯನ್ನು ನೆನೆಯಿಸಿ, ಅಳತೆಗೆ ಕತ್ತರಿಸಿ, ಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಬ್ರಾಂಚಿಗೆ ಒಯ್ದು ಒಪ್ಪಿಸುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಕಾರ್ಖಾನೆಯ ಗೇಟಿಲ್ಲ, ಸೈರನ್ನಿಲ್ಲ. ಮಾಲೀಕನ ಮುಖವನ್ನು ಕಟ್ಟುವವಳು ಕಂಡಿರುವುದಿಲ್ಲ. ಅವಳು ಒಂದು ವಾರ ಕಟ್ಟದಿದ್ದರೆ ನಿಲ್ಲುವ ಬಸ್ಸಿಲ್ಲ, ಆರುವ ದೀಪವಿಲ್ಲ. ಸೇದುವವನಿಗೆ ಅಂಗಡಿಯಲ್ಲಿ ಹಳೆಯ ದಾಸ್ತಾನೋ ಬೇರೆ ಹೆಸರಿನ ಕಟ್ಟೋ ಸಿಕ್ಕೇ ಸಿಗುತ್ತದೆ. ಮುಷ್ಕರವೆಂಬ ಆಯುಧ ಅವಳ ಮನೆಯ ಅಕ್ಕಿಯ ಡಬ್ಬಿಯನ್ನೇ ಮೊದಲು ಬರಿದು ಮಾಡುತ್ತದೆ.

ಲೋಕಾಭಿಪ್ರಾಯದ ಬೆಂಬಲ ಅವಳಿಗಿಲ್ಲವೆ? ಇಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ. ಈ ಸೀಮೆಯಲ್ಲಿ ಬೀಡಿ ಕಟ್ಟುವವರೂ ‘ಜನ’ ಎನಿಸಿಕೊಳ್ಳುವವರೂ ಬೇರೆಬೇರೆಯಲ್ಲ. ಒಕ್ಕಲುತನ, ಕೂಲಿ, ಸಣ್ಣ ಅಂಗಡಿ ಇವುಗಳೊಡನೆ ಬೀಡಿಯೂ ಸೇರಿಯೇ ಅಸಂಖ್ಯ ಕುಟುಂಬಗಳು ನಡೆದುಬಂದಿವೆ. ಬೀಡಿ ಕಾರ್ಮಿಕರ ಹಾಗೂ ಗೇಣಿದಾರರ ಪರವಾಗಿ ದುಡಿದ ಕಮ್ಯೂನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳದಿಂದಲೂ 1978ರಲ್ಲಿ ವಿಟ್ಲದಿಂದಲೂ ವಿಧಾನಸಭೆಗೆ ಆಯ್ಕೆಯಾದರು. ಗೇಣಿಯ ಪ್ರಶ್ನೆಯೇ ಅಂದು ದೊಡ್ಡದಾಗಿತ್ತಾದರೂ, ಜಗಲಿಯ ಮೇಲಿನ ದುಡಿಮೆಗೆ ಮತಪೆಟ್ಟಿಗೆಯ ಮೂಲಕ ಒಂದು ದನಿ ದೊರೆತುದೂ ನಿಜ. ಆದರೆ ಆ ದನಿ ಮಾಲೀಕನ ಮೇಜಿನವರೆಗೆ ಹೋಗಬೇಕಾದರೆ ನಡುವೆ ಶಾಸನವೆಂಬ ಸೇತುವೆ ಬೇಕಾಗಿತ್ತು.

ಆ ಸೇತುವೆ ಕಟ್ಟಿದ ಬಗೆ ಹೀಗೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದಿತು. ನೆರೆಯ ಕೇರಳದಲ್ಲಿ 1968ರಲ್ಲಿ ಅದನ್ನು ಜಾರಿಗೊಳಿಸಲು ಹೊರಟಾಗ, ಮಂಗಳೂರಿನ ಗಣೇಶ್ ಬೀಡಿ ಸಂಸ್ಥೆಯು ಕಣ್ಣೂರಿನ ಕಡೆಯ ತನ್ನ ಕೆಲಸವನ್ನು ನಿಲ್ಲಿಸಿತು. ಸಹಸ್ರಾರು ಜನರಿಗೆ ದುಡಿಮೆ ತಪ್ಪಿತು. ಬೀಡಿಯ ಉದ್ಯಮಕ್ಕೆ ಭಾರವಾದ ಯಂತ್ರಗಳಿಲ್ಲ. ಎಲೆಯ ಮೂಟೆಯನ್ನು ಗಡಿಯಿಂದಾಚೆಗೆ ಸಾಗಿಸಿದರೆ ಉದ್ಯಮವೇ ಸಾಗಿದಂತಾಗುತ್ತದೆ. ಕೂಲಿಯ ಮಾತುಕತೆಯಲ್ಲಿ ಮಾಲೀಕನ ಕೈಯಲ್ಲಿರುವ ಅತ್ಯಂತ ಬಲವಾದ ಮಾತು ಇದೇ ಆಗಿದೆ. ಕಣ್ಣೂರಿನಲ್ಲಿ ಮಾತ್ರ ಕಾರ್ಮಿಕ ಸಂಘಗಳೂ ರಾಜ್ಯ ಸರ್ಕಾರವೂ ಕೂಡಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಕಾರ್ಮಿಕರ ಪಾಲುಬಂಡವಾಳಕ್ಕೆ ಸರ್ಕಾರವೇ ಸಾಲವನ್ನು ಒದಗಿಸಿತು. ಅಲ್ಲಿಯ ಕಾರ್ಮಿಕರು ಒಟ್ಟಿಗೆ ಕುಳಿತು ಕಟ್ಟುವವರು, ಸಂಘಟಿತರು, ಊರಿಗೆ ಕಾಣುವವರು. ಅವರ ಕಷ್ಟ ನಾಡಿನ ಕಷ್ಟವೆನಿಸಿತು. ದಕ್ಷಿಣ ಕನ್ನಡದಲ್ಲಿ ಒಬ್ಬೊಬ್ಬಳೇ ಜಗಲಿಯಲ್ಲಿ ಕಟ್ಟುವುದರಿಂದ ಆ ಬಗೆಯ ಒಗ್ಗಟ್ಟು ಕಣ್ಣಿಗೆ ಬೀಳುವಂತೆ ಬೆಳೆಯಲಿಲ್ಲ.

ಕಾಯ್ದೆಯ ಸಿಂಧುತ್ವವನ್ನು ಮಾಲೀಕರು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1974ರ ಜನವರಿಯಲ್ಲಿ ನ್ಯಾಯಾಲಯವು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕುಳಿತು ಕಟ್ಟುವವಳು ಯಾರ ನೌಕರಳು ಎಂಬ ತಗಾದೆ ಭವಿಷ್ಯನಿಧಿಯ ವಿಷಯದಲ್ಲಿ ಮತ್ತೊಮ್ಮೆ ಎದ್ದು, 1985ರಲ್ಲಿ ಅದೇ ನ್ಯಾಯಾಲಯದಲ್ಲಿ ಕಾರ್ಮಿಕರ ಪರವಾಗಿ ತೀರ್ಮಾನವಾಯಿತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂದು, ಕಟ್ಟುವವರ ಮಕ್ಕಳಿಗೆ ವಿದ್ಯಾರ್ಥಿವೇತನ ದೊರೆಯುವಂತಾಯಿತು. ಈ ಸೀಮೆಯ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಆ ವೇತನದಿಂದ ಓದಿದವರ ಹೆಸರುಗಳಿಗೆ ಕೊರತೆಯಿರದು. ಆ ನಿಧಿಗೆ ಆಧಾರವಾಗಿದ್ದ ಕರವು 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ರದ್ದಾಯಿತು. ಅದರ ಬಗ್ಗೆ ನಾಡಿನಲ್ಲಿ ದೊಡ್ಡ ಗದ್ದಲವೇನೂ ಏಳಲಿಲ್ಲ.

ಗದ್ದಲ ಏಳದಿರಲು ಇನ್ನೊಂದು ಕಾರಣವನ್ನೂ ಹೇಳಬೇಕು. ಹೊಗೆಸೊಪ್ಪಿನ ಕೇಡನ್ನು ಕುರಿತು ಜನರ ತಿಳಿವಳಿಕೆ ಹೆಚ್ಚಿದಂತೆ ಬೀಡಿಯ ಮೇಲಣ ಲೋಕಾಭಿಪ್ರಾಯವೇ ಬದಲಾಯಿತು. 2003ರ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ನಿಷೇಧ, 2009ರಿಂದ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರ, ಇವೆಲ್ಲ ಜನರ ಒಪ್ಪಿಗೆಯಿಂದಲೇ ನಡೆದವು, ನಡೆಯಬೇಕಾದವೂ ಹೌದು. ಪರಿಣಾಮವಾಗಿ ಕಟ್ಟುವವಳ ಬಗ್ಗೆ ಮರುಕವೂ ಕಟ್ಟಿದ ವಸ್ತುವಿನ ಬಗ್ಗೆ ಜುಗುಪ್ಸೆಯೂ ಒಂದೇ ಮನಸ್ಸಿನಲ್ಲಿ ಕೂಡಿಕೊಂಡವು. ಸೊಪ್ಪಿನ ಧೂಳನ್ನು ದಿನವೂ ಉಸಿರಾಡುವವಳು ಅವಳೇ ಎಂಬುದನ್ನು ನೆನೆದರೆ ಈ ಇಬ್ಬಂದಿ ಇನ್ನೂ ಕಠಿಣವಾಗುತ್ತದೆ. ಬೇಡಿಕೆ ಕುಗ್ಗಿದೆಯೆಂಬ ಮಾತು ಮಾಲೀಕರ ಪಕ್ಷಕ್ಕೆ ಬಲವಾಯಿತು. ದರ ಏರಿದರೂ ವಾರಕ್ಕೆ ಕೊಡುವ ಎಲೆ ಕಡಿಮೆಯಾದರೆ ಕೈಗೆ ಬರುವ ಹಣ ಏರುವುದಿಲ್ಲ. ಸಾವಿರಕ್ಕೆ ಎಷ್ಟು ಎಂಬುದನ್ನು ವಿಚಾರಿಸುವ ಹೊರಗಿನವರು, ವಾರಕ್ಕೆ ಎಷ್ಟು ಸಾವಿರ ಎಂಬುದನ್ನು ವಿಚಾರಿಸುವುದಿಲ್ಲ.

ಇದಕ್ಕೆ ಪ್ರತಿಯಾಗಿ ಆಶಾ ಕಾರ್ಯಕರ್ತೆಯರ ಉದಾಹರಣೆಯನ್ನು ಇಡಬಹುದು. ಇವರೂ ಹಳ್ಳಿಯ ಹೆಂಗಸರೇ, ಇವರದೂ ಅಲ್ಪ ಗೌರವಧನವೇ. ಆದರೆ ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಇವರನ್ನು ಊರೆಲ್ಲ ಕಂಡಿತ್ತು. 2025ರ ಜನವರಿ 7ರಿಂದ ನಾಲ್ಕು ದಿನ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತಾಗ, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆಯನ್ನು ಸರ್ಕಾರ ನೀಡಿತು. ಕೊಡುವವನು ಸರ್ಕಾರವೇ ಆಗಿದ್ದನು, ದುಡಿಮೆ ಕಣ್ಣಿಗೆ ಕಂಡಿತ್ತು. ಬೀಡಿ ಕಟ್ಟುವವಳಿಗೆ ಈ ಎರಡು ಅನುಕೂಲಗಳೂ ಇಲ್ಲ.

ಆದಕಾರಣ ಬೀಡಿಯ ಕೂಲಿ ಮಾಲೀಕ ಮತ್ತು ಸಂಘಗಳ ಒಪ್ಪಂದಕ್ಕಿಂತ ಸರ್ಕಾರ ಗೊತ್ತುಪಡಿಸುವ ಕನಿಷ್ಠ ವೇತನವನ್ನೂ ಬೆಲೆ ಸೂಚ್ಯಂಕದೊಡನೆ ಏರುವ ತುಟ್ಟಿಭತ್ಯೆಯನ್ನೂ ಹೆಚ್ಚಾಗಿ ಅವಲಂಬಿಸಿ ಬಂದಿದೆ. ಸಂಘಗಳ ಹೋರಾಟವೂ ಬಹುಪಾಲು ಅಧಿಸೂಚನೆಗಾಗಿ, ಹೊರಟ ಅಧಿಸೂಚನೆಯನ್ನು ಪಾಲಿಸುವುದಕ್ಕಾಗಿ. ವಿದ್ಯಾರ್ಥಿಗಳು ಗಮನಿಸಬೇಕಾದ ಕಾನೂನಿನ ಅಂಶವೊಂದು ಇಲ್ಲಿಯೇ ಅಡಗಿದೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ದರವನ್ನು ಗೊತ್ತುಮಾಡಲು ಎರಡು ಮಾರ್ಗಗಳಿದ್ದವು. 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ ವೇತನ ಸಂಹಿತೆಯೂ ಅವೆರಡನ್ನೂ ಉಳಿಸಿಕೊಂಡಿದೆ. ಮೊದಲನೆಯದು ಸಮಿತಿಯ ಮಾರ್ಗ. ಅದರಲ್ಲಿ ಮಾಲೀಕರ, ಕಾರ್ಮಿಕರ ಸಮಸಂಖ್ಯೆಯ ಪ್ರತಿನಿಧಿಗಳಲ್ಲದೆ ಯಾವ ಪಕ್ಷಕ್ಕೂ ಸೇರದ ಸ್ವತಂತ್ರ ಸದಸ್ಯರೂ ಇರುತ್ತಾರೆ; ಅವರ ಸಂಖ್ಯೆ ಒಟ್ಟಿನ ಮೂರನೆಯ ಒಂದಂಶವನ್ನು ಮೀರಕೂಡದು. ಎರಡನೆಯದು ಪ್ರಕಟಣೆಯ ಮಾರ್ಗ. ಸರ್ಕಾರವು ತನ್ನ ಕರಡು ದರವನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಸಂಬಂಧಪಟ್ಟವರು ಹೇಳುವುದನ್ನು ಕೇಳಲು ಎರಡು ತಿಂಗಳಿಗೆ ಕಡಿಮೆಯಿಲ್ಲದ ಕಾಲಾವಕಾಶ ಕೊಡಬೇಕು. ಬಸ್ ನಿಲ್ದಾಣದ ಮುನಿಸಿಗೆ ಕಾನೂನಿನಲ್ಲಿ ಹೆಸರಿಲ್ಲ; ಈ ಎರಡು ತಿಂಗಳಿಗೆ ಇದೆ.

ಈ ಅವಧಿಯನ್ನು ಬಳಸಿಕೊಳ್ಳುವವರು ಯಾರು? ಮಾಲೀಕರ ಸಂಘಗಳು ಅಂಕಿ ಅಂಶಗಳೊಡನೆ ಆಕ್ಷೇಪಣೆಯನ್ನು ಕಳುಹಿಸಬಲ್ಲವು, ಅವರಿಗೆ ವಕೀಲರಿದ್ದಾರೆ. ಕಾರ್ಮಿಕ ಸಂಘಗಳೂ ತಮ್ಮ ಮನವಿಯನ್ನು ಸಲ್ಲಿಸುತ್ತವೆ. ಜಗಲಿಯಿಂದ ನೇರವಾಗಿ ಹೋಗುವ ಕಾಗದ ಅಪರೂಪ. ರಾಜ್ಯಪತ್ರವು ಬೀಡಿ ಬ್ರಾಂಚಿನ ಗೋಡೆಯ ಮೇಲೆ ಬರುವುದಿಲ್ಲ, ಬಂದರೂ ಅದರ ಭಾಷೆ ಎಲೆ ಕತ್ತರಿಸಿ ದಣಿದ ಕಣ್ಣಿಗೆ ಸುಲಭವಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿಗಳ ಬಹುತೇಕ ಬೀಡಿಯ ಮನೆಗಳಲ್ಲಿ ಈಗ ಪ್ರೌಢಶಾಲೆಯನ್ನೋ ಕಾಲೇಜನ್ನೋ ಮುಗಿಸಿದ ಒಬ್ಬ ಮಗನೋ ಮಗಳೋ ಇದ್ದಾರೆ. ಇಷ್ಟು ಎಲೆ ಕೊಟ್ಟರು, ಇಷ್ಟು ಬೀಡಿ ಒಪ್ಪಿಸಿದೆವು, ಇಷ್ಟನ್ನು ಸರಿಯಿಲ್ಲವೆಂದು ಹಿಂದಕ್ಕೆ ಹಾಕಿದರು, ವಾರಕ್ಕೆ ಇಷ್ಟು ದಿನ ಮಾತ್ರ ಕೆಲಸವಿತ್ತು ಎಂಬ ಲೆಕ್ಕವನ್ನು ತಾಯಿ ಬಾಯಲ್ಲಿ ಹೇಳಿದರೆ ಅವರು ಒಂದು ಪುಟದಲ್ಲಿ ಬರೆದು, ಕರಡಿನಲ್ಲಿ ಕೊಟ್ಟಿರುವ ವಿಳಾಸಕ್ಕೆ, ಎರಡು ತಿಂಗಳು ಕಳೆಯುವ ಮೊದಲು ಅಂಚೆಗೆ ಹಾಕಬಹುದು.